ಲ್ಯಾಪ್‌ಟಾಪ್ ತೀರ ನಿಧಾನ, ದನಿಯೂ ತೊದಲುತ್ತಿದೆ: ಪರದೆ ಓದಿಸಿಕೊಳ್ಳಲು ಆಗುತ್ತಿಲ್ಲ, ದಾರಿ ತೋರಿಸಿ

ಮಾತೇ ಬೆಳಕು (ಧಾರವಾಡ) · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನಗೆ ಕಣ್ಣು ಕಾಣಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ, ನಾನು ಕೀಲಿಮಣೆಯಿಂದ ಕೆಲಸ ಮಾಡುತ್ತೇನೆ. ಅದರ ದನಿ ನಿಂತರೆ ನನ್ನ ಮಟ್ಟಿಗೆ ಪರದೆಯೇ ಆರಿಹೋದಂತೆ.

ಯಂತ್ರ 2018ರಲ್ಲಿ ಕೊಂಡದ್ದು. ಏಳನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಗುಂಡಿ ಒತ್ತಿದ ಮೇಲೆ ಮಾತು ಶುರುವಾಗಲು ಆರೇಳು ನಿಮಿಷ ಬೇಕು. ಶುರುವಾದ ಮೇಲೂ "ಪ್ರ… ಪ್ರ… ಪ್ರಶ್ನೆ" ಎಂದು ತೊದಲುತ್ತದೆ. ಕೆಲವೊಮ್ಮೆ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸದ್ದು. ಇನ್ನು ಕೆಲವೊಮ್ಮೆ ಪದದ ಮೊದಲ ಅಕ್ಷರವೇ ಇರುವುದಿಲ್ಲ. "ಧಾರವಾಡ" ಎಂಬುದು "ರವಾಡ" ಎಂದು ಕೇಳಿಸುತ್ತದೆ.

ಒಂದು ಅಂಗಡಿಯವರು ಸೌಂಡ್ ಚಿಪ್ ಹೋಗಿದೆ, ಮದರ್‌ಬೋರ್ಡ್ ಬದಲಿಸಬೇಕು, 9 ಸಾವಿರ ಆಗುತ್ತದೆ ಎಂದರು. ಇನ್ನೊಂದು ಅಂಗಡಿಯವರು ಬಿಟ್ಟುಹೋಗಿ, ಫಾರ್ಮ್ಯಾಟ್ ಮಾಡಿಕೊಡುತ್ತೇವೆ ಎಂದರು. ಅದರೊಳಗೆ ನನ್ನ ಹನ್ನೆರಡು ವರ್ಷದ ಪಾಠಟಿಪ್ಪಣಿ, ಪ್ರಶ್ನೆಪತ್ರಿಕೆಗಳಿವೆ. ಹದಿನೈದು ದಿನದಲ್ಲಿ ಪರೀಕ್ಷೆಯ ಪತ್ರಿಕೆ ತಯಾರಿಸಿ ಕೊಡಬೇಕು. ಇದನ್ನು ಮೊಬೈಲಿನಲ್ಲಿ ಬರೆಯುತ್ತಿದ್ದೇನೆ. ಯಾರ ಮಾತು ನಂಬಲಿ?

ಓದುತ್ತಿರುವವ (ಮಂಡ್ಯ) · ಸೋಮವಾರ, ರಾತ್ರಿ 10:05

ಮೇಡಂ, ನನ್ನ ಯಂತ್ರ ನಿಧಾನವಾದಾಗ ಡಿಫ್ರಾಗ್ ಮಾಡಿದೆ (ಡಿಸ್ಕಿನಲ್ಲಿ ಚೆದುರಿದ ಫೈಲುಗಳ ತುಣುಕುಗಳನ್ನು ಒಟ್ಟುಗೂಡಿಸುವುದು), ಆಮೇಲೆ ಡಿಸ್ಕಿನ ದೋಷ ಹುಡುಕುವ ಚೆಕ್ ಡಿಸ್ಕ್ ಓಡಿಸಿದೆ, ಸರಿಹೋಯಿತು. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ.

ಬೆಸುಗೆ ಕಡ್ಡಿ (ಶಿವಮೊಗ್ಗ) · ಸೋಮವಾರ, ರಾತ್ರಿ 10:20

ಮೇಡಂ, ದಯವಿಟ್ಟು ಇವೆರಡನ್ನೂ ಈಗ ಮಾಡಬೇಡಿ. ಮಂಡ್ಯದ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಡಿಸ್ಕ್ ಗಟ್ಟಿಮುಟ್ಟಾಗಿದ್ದರೆ ಅದು ತಪ್ಪಲ್ಲ. ಆದರೆ ನಿಮ್ಮ ವಿವರ ಓದಿದರೆ ನನಗೆ ಡಿಸ್ಕಿನ ಮೇಲೆಯೇ ಅನುಮಾನ. ಸಾಯುತ್ತಿರುವ ಹಾರ್ಡ್ ಡಿಸ್ಕಿಗೆ ಡಿಫ್ರಾಗ್ ಎಂದರೆ ಜ್ವರದವರನ್ನು ಬೆಟ್ಟ ಹತ್ತಿಸಿದ ಹಾಗೆ. ಚೆಕ್ ಡಿಸ್ಕ್ ಹಾಳಾದ ಜಾಗಗಳನ್ನು ಹುಡುಕುತ್ತ ಡಿಸ್ಕಿನೊಳಗೆ ತಿರುಗುವ ತಟ್ಟೆಯನ್ನೆಲ್ಲ ಜಾಲಾಡುತ್ತದೆ. ಉಳಿದಿರುವ ಜೀವ ಅಲ್ಲೇ ಹೋಗಬಹುದು.

ನಾನು ಈ ರಿಪೇರಿ ಕೆಲಸದಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದೇನೆ. ಗ್ರಾಹಕರು ಅಂಗಡಿಯಲ್ಲಿ ಅತ್ತದ್ದನ್ನು ನೋಡಿರುವುದು ಯಂತ್ರ ಕೆಟ್ಟಾಗ ಅಲ್ಲ, ಒಳಗಿದ್ದದ್ದು ಹೋದಾಗ. ಆದ್ದರಿಂದ ಮೊದಲು ಒಂದು ಪೆನ್ ಡ್ರೈವ್ ಹಾಕಿ, ನಿಮ್ಮ ಪ್ರಶ್ನೆಪತ್ರಿಕೆ ಮತ್ತು ಟಿಪ್ಪಣಿಗಳ ಫೋಲ್ಡರನ್ನು ಮಾತ್ರ ನಕಲಿಸಿಕೊಳ್ಳಿ. ಇಡೀ ಡಿಸ್ಕ್ ನಕಲು ಮಾಡಲು ಹೋಗಬೇಡಿ. ಮತ್ತೆ ಸಿಗದೇ ಇರುವುದು ಮೊದಲು, ಫೋಟೊ ಆಮೇಲೆ, ಇಂಟರ್ನೆಟ್‌ನಿಂದ ಇಳಿಸಿಕೊಂಡದ್ದು ಬೇಡವೇ ಬೇಡ. ಪರೀಕ್ಷೆ, ದುರಸ್ತಿ ಎಲ್ಲ ಅದಾದ ಮೇಲೆ.

ತಂಬೂರಿ (ಹುಬ್ಬಳ್ಳಿ) · ಸೋಮವಾರ, ರಾತ್ರಿ 10:50

ನಾನು ಸಂಗೀತ ಕಛೇರಿಗಳ ಧ್ವನಿಮುದ್ರಣ ಮಾಡುತ್ತೇನೆ. ದನಿ ಒಡೆಯುವುದು ನನಗೆ ನಿತ್ಯದ ತಲೆನೋವು. ಮದರ್‌ಬೋರ್ಡ್ ಮಾತಿಗೆ ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಯಾರ ಬಳಿಯಾದರೂ ಯುಎಸ್‌ಬಿ ಹೆಡ್‌ಸೆಟ್ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ದುಂಡನೆಯ ಪಿನ್ನಿನದು ಬೇಡ, ಯುಎಸ್‌ಬಿ ಕಿಂಡಿಗೆ ಸೇರುವುದೇ ಆಗಬೇಕು. ಯುಎಸ್‌ಬಿ ಹೆಡ್‌ಸೆಟ್‌ನೊಳಗೆ ಅದರದೇ ಪುಟ್ಟ ಸೌಂಡ್ ಕಾರ್ಡ್ ಇರುತ್ತದೆ; ಲ್ಯಾಪ್‌ಟಾಪಿನ ಸೌಂಡ್ ಚಿಪ್ಪನ್ನು ಅದು ಮುಟ್ಟುವುದೇ ಇಲ್ಲ. ಅದರಲ್ಲೂ ದನಿ ಒಡೆದರೆ ಚಿಪ್ ನಿರಪರಾಧಿ, 9 ಸಾವಿರ ಉಳಿಯಿತು. ಅದರಲ್ಲಿ ಸ್ವಚ್ಛವಾಗಿ ಬಂದರೆ ಮುಂದೆ ನೋಡೋಣ.

ಬ್ಲೂಟೂತ್ ಹೆಡ್‌ಫೋನಿನಲ್ಲಿ ಪರೀಕ್ಷಿಸಬೇಡಿ. ಅದರ ಮೈಕ್ ಬಳಕೆಗೆ ಬಂದ ಕೂಡಲೇ ಅದು ಫೋನ್ ಕರೆಯ ದನಿಗೆ ಇಳಿಯುತ್ತದೆ. ಆಗ ಯಾವುದು ಯಂತ್ರದ ದೋಷ, ಯಾವುದು ಹೆಡ್‌ಫೋನಿನದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಬ್ರೈಲ್ ಬೆರಳು (ಮೈಸೂರು) · ಮಂಗಳವಾರ, ಬೆಳಿಗ್ಗೆ 6:30

ಮೇಡಂ, ನಾನೂ ಎನ್‌ವಿಡಿಎ ಬಳಸುವವನೇ. ನೋಡಬಲ್ಲವರು "ಅಲ್ಲಿ ಕ್ಲಿಕ್ ಮಾಡಿ" ಎಂದು ಬರೆಯುವ ಸಲಹೆಗಳು ನಮಗೆ ಹತ್ತುವುದಿಲ್ಲ, ಆದ್ದರಿಂದ ಕೀಲಿಗಳಲ್ಲೇ ಹೇಳುತ್ತೇನೆ.

ಎನ್‌ವಿಡಿಎ ಮಧ್ಯದಲ್ಲಿ ಮೂಕವಾದರೆ ಯಂತ್ರವನ್ನು ಆರಿಸಬೇಡಿ. ಕಂಟ್ರೋಲ್, ಆಲ್ಟ್, ಎನ್ ಒಟ್ಟಿಗೆ ಒತ್ತಿದರೆ ಅದು ಮತ್ತೆ ಶುರುವಾಗುತ್ತದೆ. ಅದೂ ಏಳದಿದ್ದರೆ ವಿಂಡೋಸ್ ಕೀಲಿ, ಕಂಟ್ರೋಲ್, ಎಂಟರ್ ಒತ್ತಿ. ವಿಂಡೋಸ್‌ನದೇ ಆದ ನರೇಟರ್ ಮಾತಾಡುತ್ತದೆ.

ಎನ್‌ವಿಡಿಎ ಕೀಲಿ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಎಸ್ ಒತ್ತಿ ಯಾವ ದನಿ ಬಳಸುತ್ತಿದ್ದೀರಿ ನೋಡಿಕೊಳ್ಳಿ. ಬೇರೆ ದನಿ ಇದ್ದರೆ ಸದ್ಯಕ್ಕೆ ಇಸ್ಪೀಕ್ ಎನ್‌ಜಿ ಆರಿಸಿ. ಅದರ ಕನ್ನಡ ಇಂಪಾಗಿಲ್ಲ, ಒಪ್ಪುತ್ತೇನೆ, ಆದರೆ ಯಂತ್ರದ ಮೇಲೆ ಅದರ ಹೊರೆ ತೀರ ಕಡಿಮೆ. ಅದೂ ತೊದಲಿದರೆ ದನಿಯ ತಂತ್ರಾಂಶದ್ದಲ್ಲ ತಪ್ಪು.

ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಂಟ್ರೋಲ್ ಮತ್ತು ಟ್ಯಾಬ್‌ನಿಂದ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಬಾಣದ ಕೀಲಿಯಿಂದ ಸಿಪಿಯು, ಮೆಮೊರಿ, ಡಿಸ್ಕ್ ಒಂದೊಂದರ ಮೇಲೂ ನಿಲ್ಲಿ. ಶೇಕಡಾವಾರು ಓದಿ ಹೇಳುತ್ತದೆ. ತೊದಲುವ ಹೊತ್ತಿನಲ್ಲಿ ಎಷ್ಟಿದೆ ಎಂದು ಇಲ್ಲಿ ಬರೆಯಿರಿ.

ಮಾತೇ ಬೆಳಕು · ಮಂಗಳವಾರ, ರಾತ್ರಿ 8:15

ಮೊದಲು ನಕಲು ಮಾಡಿದೆ. ಎರಡು ಗಂಟೆ ಹಿಡಿಯಿತು, ಮೂರು ಫೈಲುಗಳನ್ನು ಓದಲು ಆಗುವುದಿಲ್ಲ ಎಂದಿತು, ಉಳಿದದ್ದೆಲ್ಲ ಬಂದಿದೆ. ಬೆಸುಗೆ ಕಡ್ಡಿ ಸರ್, ನೀವು ಹೇಳದಿದ್ದರೆ ನಾನು ಆ ರಾತ್ರಿಯೇ ಡಿಫ್ರಾಗ್ ಹಚ್ಚಿ ಮಲಗುತ್ತಿದ್ದೆ.

ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಶೇ 20ರ ಆಸುಪಾಸು, ಮೆಮೊರಿ ಶೇ 88, ಡಿಸ್ಕ್ ಶೇ 100. ಹತ್ತು ನಿಮಿಷ ಕಾದರೂ ಡಿಸ್ಕ್ 100ರಿಂದ ಇಳಿಯಲಿಲ್ಲ. ಇಸ್ಪೀಕ್ ಕೂಡ ತೊದಲುತ್ತದೆ.

ಸಹೋದ್ಯೋಗಿಯೊಬ್ಬರ ಯುಎಸ್‌ಬಿ ಹೆಡ್‌ಸೆಟ್ ತಂದೆ. ಅದರಲ್ಲೂ ತೊದಲು ಇದೆ, ಚಟಪಟವೂ ಇದೆ. ಆದರೆ ವಿಚಿತ್ರವೆಂದರೆ ಅದರಲ್ಲಿ "ಧಾರವಾಡ" ಪೂರ್ತಿ ಕೇಳಿಸಿತು.

ತಂಬೂರಿ · ಮಂಗಳವಾರ, ರಾತ್ರಿ 8:40

ಹಾಗಾದರೆ ಮದರ್‌ಬೋರ್ಡ್ ಕಥೆ ಮುಗಿಯಿತು. ಯಾರಿಗೂ 9 ಸಾವಿರ ಕೊಡಬೇಡಿ. ಮೊದಲ ಅಕ್ಷರ ನುಂಗುವುದು ಯುಎಸ್‌ಬಿಯಲ್ಲಿ ಇಲ್ಲ ಎಂದಿರಿ, ಅದನ್ನು ಮರೆಯದೆ ಬರೆದಿಟ್ಟುಕೊಳ್ಳಿ. ಅದು ಬೇರೆಯದೇ ಕಾಯಿಲೆ ಎಂದು ನನಗೆ ಅನಿಸುತ್ತದೆ.

ಬೆಸುಗೆ ಕಡ್ಡಿ · ಮಂಗಳವಾರ, ರಾತ್ರಿ 9:30

ಡಿಸ್ಕ್ ಕೆಟ್ಟರೆ ದನಿ ಏಕೆ ಒಡೆಯಬೇಕು ಎಂದು ಯಾರಿಗಾದರೂ ಅನಿಸಬಹುದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಂಪ್ಯೂಟರಿನ ಬೇರೆ ಕೆಲಸಗಳು ಅರ್ಧ ಸೆಕೆಂಡ್ ತಡವಾದರೆ ನಮಗೆ ಗೊತ್ತೇ ಆಗುವುದಿಲ್ಲ. ದನಿಗೆ ಆ ಸೌಕರ್ಯವಿಲ್ಲ. ವಿಂಡೋಸ್ ಸಾಮಾನ್ಯವಾಗಿ 10 ಮಿಲಿಸೆಕೆಂಡಿಗೆ ಒಂದು ತುತ್ತಿನಂತೆ ದನಿಯನ್ನು ಸ್ಪೀಕರಿಗೆ ಉಣಿಸುತ್ತಿರುತ್ತದೆ. ಸೆಕೆಂಡಿಗೆ ದನಿಯ 48,000 ಮಾದರಿಗಳ (ಸ್ಯಾಂಪಲ್) ಲೆಕ್ಕವಾದರೆ ಒಂದು ತುತ್ತಿಗೆ 480 ಮಾದರಿ. ಮುಂದಿನ ತುತ್ತು ಹೊತ್ತಿಗೆ ಸಿದ್ಧವಾಗದಿದ್ದರೆ ಅಲ್ಲಿ ಬಿರುಕು ಬೀಳುತ್ತದೆ. ಬಿರುಕು ಚಿಕ್ಕದಾದರೆ ಚಟ್ ಎನ್ನುತ್ತದೆ, ದೊಡ್ಡದಾದರೆ ತೊದಲುತ್ತದೆ.

ಈಗ ಡಿಸ್ಕಿನ ಕಡೆ ಬನ್ನಿ. ಇಂಥ ಲ್ಯಾಪ್‌ಟಾಪ್ ಡಿಸ್ಕುಗಳ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಡಿಸ್ಕ್ ಆರೋಗ್ಯವಾಗಿದ್ದಾಗಲೇ ದನಿಯ ಒಂದು ತುತ್ತಿನ ಸಮಯಕ್ಕಿಂತ ಅದರ ಒಂದು ಸುತ್ತು ದೊಡ್ಡದು! 4 ಜಿಬಿ ರ‍್ಯಾಮ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡ ಎನಿಸಿದ ಭಾಗಗಳನ್ನು ಡಿಸ್ಕಿಗೆ ಸಾಗಿಸುತ್ತದೆ. ಮಾತಾಡಿಸುವ ತಂತ್ರಾಂಶದ ತುಣುಕೊಂದು ಹಾಗೆ ಹೋಗಿದ್ದರೆ, ಅದು ಮರಳಿ ಬರುವವರೆಗೆ ಮಾತು ನಿಲ್ಲುತ್ತದೆ. ಆ ತುಣುಕು ಹಾಳಾದ ಜಾಗದಲ್ಲಿ ಕುಳಿತಿದ್ದರಂತೂ ಡಿಸ್ಕ್ ಮತ್ತೆ ಮತ್ತೆ ಓದಲು ಯತ್ನಿಸುತ್ತ ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತದೆ. ಸಿಪಿಯು ಶೇ 20ರಲ್ಲಿ ಸುಮ್ಮನಿದ್ದು ಡಿಸ್ಕ್ 100ರಲ್ಲಿ ಇರುವುದು ಇದೇ ಕಾರಣಕ್ಕೆ.

ಖಚಿತಪಡಿಸಿಕೊಳ್ಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ. ಅದನ್ನು ತೆರೆದು ಕಂಟ್ರೋಲ್ ಮತ್ತು ಸಿ ಒತ್ತಿದರೆ ಇಡೀ ವರದಿ ಪಠ್ಯವಾಗಿ ನಕಲಾಗುತ್ತದೆ. ನೋಟ್‌ಪ್ಯಾಡಿನಲ್ಲಿ ಅಂಟಿಸಿ ಓದಿಸಿಕೊಳ್ಳಬಹುದು. ಮೂರು ಸಾಲು ಸಾಕು: 05, ಸಿ5, ಸಿ6. 05 ಎಂದರೆ ಕೆಟ್ಟ ಜಾಗದ ಬದಲಿಗೆ ಡಿಸ್ಕ್ ತನ್ನ ಮೀಸಲಿನಿಂದ ಕೊಟ್ಟ ಜಾಗಗಳು. ಸಿ5 ಎಂದರೆ ಓದಲು ಕಷ್ಟಪಡುತ್ತಿರುವ, ಇನ್ನೂ ತೀರ್ಮಾನವಾಗದ ಜಾಗಗಳು. ಸಿ6 ಎಂದರೆ ಓದಲಾಗದೆ ಕೈಬಿಟ್ಟವು. ಕೊನೆಯ ಅಂಕಣದ ಅಂಕಿಗಳು ಹದಿನಾರರ ಲೆಕ್ಕದಲ್ಲಿರುತ್ತವೆ. ಅಲ್ಲಿ 18 ಎಂದಿದ್ದರೆ ನಮ್ಮ ಲೆಕ್ಕಕ್ಕೆ 24.

ಮಾತೇ ಬೆಳಕು · ಬುಧವಾರ, ಸಂಜೆ 7:00

ಓದಿಸಿಕೊಂಡೆ. ಆರೋಗ್ಯದ ಸಾಲಿನಲ್ಲಿ "ಕಾಷನ್" (ಎಚ್ಚರಿಕೆ) ಎಂದಿದೆ. ಸಿ5ರ ಕೊನೆಯಲ್ಲಿ 48, ಸಿ6ರಲ್ಲಿ 10. ಅಂದರೆ 72 ಮತ್ತು 16, ಅಲ್ಲವೇ?

ಬೆಸುಗೆ ಕಡ್ಡಿ · ಬುಧವಾರ, ಸಂಜೆ 7:25

ಲೆಕ್ಕ ಸರಿಯಾಗಿದೆ ಮೇಡಂ. ಆ ಡಿಸ್ಕನ್ನು ಇನ್ನು ನಂಬಬೇಡಿ. ಫಾರ್ಮ್ಯಾಟ್ ಮಾಡಿಸಿದ್ದರೆ ಕೆಲವು ವಾರ ಚುರುಕಾಗಿ ಓಡಿ, ಹೊಸದಾಗಿ ಬರೆದದ್ದನ್ನೂ ನುಂಗುತ್ತಿತ್ತು. ಹಾರ್ಡ್ ಡಿಸ್ಕಿನ ಬದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಬೇಕಾದ ತುಣುಕು ಮಿಲಿಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಸಿಗುತ್ತದೆ. ನಿಮ್ಮ ಕೆಲಸಕ್ಕೆ 256 ಜಿಬಿ ಧಾರಾಳ. ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಲು ಕಿಂಡಿ ಖಾಲಿ ಇದೆಯೇ ಎಂದು ತೆರೆದಾಗಲೇ ನೋಡಿಸಿ. ಹಳೆಯ ಡಿಸ್ಕಿನಿಂದ ಕ್ಲೋನ್ (ಇದ್ದದ್ದು ಇದ್ದ ಹಾಗೆ ಪೂರ್ತಿ ನಕಲು) ಮಾಡುವುದು ಬೇಡ, ಹಾಳಾದದ್ದೂ ಜೊತೆಗೆ ಬರುತ್ತದೆ. ಹೊಸದಾಗಿಯೇ ವಿಂಡೋಸ್ ಹಾಕಲಿ.

ಅಂಗಡಿಯಲ್ಲಿ ಎದುರಿಗೆ ಕುಳಿತು ಮಾಡಿಸಿಕೊಳ್ಳಿ, ಹಳೆಯ ಡಿಸ್ಕನ್ನು ಕೈಗೆ ಕೇಳಿ ಪಡೆಯಿರಿ. ಅದು ನಿಮ್ಮದು.

ಲಿನಕ್ಸ್ ಬಳಕೆದಾರ (ಬೆಂಗಳೂರು) · ಬುಧವಾರ, ರಾತ್ರಿ 8:10

ಹೊಸದಾಗಿ ಹಾಕುವುದೇ ಆದರೆ ವಿಂಡೋಸ್ ಏಕೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏಳನೆಯ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ವಿಂಡೋಸಿನ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿದರೆ ಇದೇ ಯಂತ್ರ ಇನ್ನೂ ಹಲವು ವರ್ಷ ಬಾಳುತ್ತದೆ. ಆರ್ಕಾ ಎಂಬ ಸ್ಕ್ರೀನ್ ರೀಡರ್ ಅದರಲ್ಲೂ ಇದೆ.

ಬ್ರೈಲ್ ಬೆರಳು · ಬುಧವಾರ, ರಾತ್ರಿ 8:45

ಆರ್ಕಾ ನಾನು ಬಳಸಿದ್ದೇನೆ, ಒಳ್ಳೆಯದೇ. ಆದರೆ ಮೇಡಂ ಕೈಬೆರಳುಗಳಿಗೆ ಎನ್‌ವಿಡಿಎ ಕೀಲಿಗಳು ವರ್ಷಗಳಿಂದ ರೂಢಿಯಾಗಿವೆ. ನೋಡಬಲ್ಲವರಿಗೆ ಹೊಸ ಕಾರ್ಯಾಚರಣೆ ವ್ಯವಸ್ಥೆ ಎಂದರೆ ಗುಂಡಿಗಳ ಜಾಗ ಬದಲಾದಂತೆ. ನಮಗೆ ಮನೆಯ ಗೋಡೆಗಳೇ ಬದಲಾದಂತೆ. ಪರೀಕ್ಷೆಯ ಪತ್ರಿಕೆ ಹನ್ನೆರಡು ದಿನದಲ್ಲಿ ಆಗಬೇಕಿರುವಾಗ ಅದನ್ನು ಹೇರಬಾರದು. ಭದ್ರತೆಯ ಅಪ್‌ಡೇಟ್‌ಗಳನ್ನು ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸುವ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಕೊಟ್ಟಿದೆ, ಅದಕ್ಕೆ ಹೆಸರು ನೋಂದಾಯಿಸಲಿ. ರಜೆಯಲ್ಲಿ ಲಿನಕ್ಸ್ ಕಲಿಯುವುದಾದರೆ ನಾನೇ ಫೋನಿನಲ್ಲಿ ಜೊತೆಗಿರುತ್ತೇನೆ.

ಮೇಡಂ, ಅಂಗಡಿಗೆ ಹೋಗುವ ಮೊದಲು ಒಂದು ಕೆಲಸ. ಎನ್‌ವಿಡಿಎ ಮೆನುವಿನ ಟೂಲ್ಸ್‌ನಲ್ಲಿ ಪೋರ್ಟಬಲ್ ಪ್ರತಿ ಸೃಷ್ಟಿಸುವ ಆಯ್ಕೆ ಇದೆ. ನಿಮ್ಮ ವೇಗ, ದನಿ, ಉಚ್ಚಾರದ ಸೆಟ್ಟಿಂಗ್‌ಗಳ ಸಮೇತ ಅದನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ. ಹೊಸ ವಿಂಡೋಸಿನಲ್ಲಿ ಏನನ್ನೂ ಹಾಕುವ ಮೊದಲೇ ಅಲ್ಲಿಂದ ಮಾತಾಡಿಸಬಹುದು. ಅಂಗಡಿಯವರು "ಆಯಿತು ಮೇಡಂ" ಎಂದಾಗ ನೀವೇ ಪರೀಕ್ಷಿಸಿ ಒಪ್ಪಿಕೊಳ್ಳಬಹುದು.

ಮತ್ತೊಂದು ಮಾತು. ನಿಮ್ಮ ಹಳೆಯ ಪತ್ರಿಕೆಗಳು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಇದ್ದರೆ ಯೂನಿಕೋಡಿಗೆ ಪರಿವರ್ತಿಸಿಡಿ. ಆ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಬಡಬಡಿಕೆಯಾಗಿ ಓದುತ್ತದೆ. ನನಗೆ ಇಂದಿಗೂ ಇಂಥ ಸುತ್ತೋಲೆಗಳು ಬರುತ್ತವೆ, ಪ್ರತಿ ಸಲವೂ ನೋವಾಗುತ್ತದೆ.

ಮಾತೇ ಬೆಳಕು · ಭಾನುವಾರ, ಬೆಳಿಗ್ಗೆ 11:20

ಎಸ್‌ಎಸ್‌ಡಿ ಬಂತು, ರ‍್ಯಾಮ್ ಈಗ 8 ಜಿಬಿ. ಗುಂಡಿ ಒತ್ತಿ ನೀರು ಕುಡಿಯಲು ಏಳುತ್ತಿದ್ದವಳು ಏಳುವುದರೊಳಗೆ ಮಾತು ಶುರುವಾಯಿತು. ತೊದಲು ಪೂರ್ತಿ ಹೋಗಿದೆ. ಅಂಗಡಿಯ ಹುಡುಗ ಪೆನ್ ಡ್ರೈವಿನಿಂದ ಎನ್‌ವಿಡಿಎ ಮಾತಾಡಿದ್ದನ್ನು ಕೇಳಿ ಬೆರಗಾಗಿ, ಕೀಲಿಗಳನ್ನೆಲ್ಲ ಕೇಳಿ ಬರೆದುಕೊಂಡ.

ಆದರೆ ಸಾಸಿವೆ ಸಿಡಿಯುವುದು ನಿಂತಿಲ್ಲ. ಎರಡು ಮೂರು ನಿಮಿಷಕ್ಕೊಮ್ಮೆ ಚಟ್ ಎನ್ನುತ್ತದೆ. ಮೊದಲ ಅಕ್ಷರವೂ ಇನ್ನೂ ಹೋಗುತ್ತಲೇ ಇದೆ.

ಬೆಸುಗೆ ಕಡ್ಡಿ · ಭಾನುವಾರ, ಮಧ್ಯಾಹ್ನ 12:10

ಮೂರೂ ಲಕ್ಷಣಗಳಿಗೆ ಡಿಸ್ಕೇ ಕಾರಣ ಎಂದುಕೊಂಡಿದ್ದೆ. ತಪ್ಪಿದೆ. ಮೊದಲ ಅಕ್ಷರದ್ದು ಬೇರೆ ಕಾಯಿಲೆ ಎಂದು ತಂಬೂರಿ ಅವರು ಮಂಗಳವಾರವೇ ಹೇಳಿದ್ದರು, ನಾನು ಅದಕ್ಕೆ ಕಿವಿಗೊಡಬೇಕಿತ್ತು. ಮುಂದಿನದನ್ನು ಅವರೇ ಹೇಳಲಿ.

ತಂಬೂರಿ · ಭಾನುವಾರ, ಮಧ್ಯಾಹ್ನ 3:30

ಚಟ್ ಸದ್ದಿಗೆ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಹಾಕಿ, ಶುರು ಮಾಡಿ ಹತ್ತು ನಿಮಿಷ ಎಂದಿನಂತೆ ಕೆಲಸ ಮಾಡಿ. ನಂತರ ಎಡಿಟ್ ಮೆನುವಿನಿಂದ ವರದಿಯ ಪಠ್ಯವನ್ನು ನಕಲಿಸಿ ಓದಿಸಿಕೊಳ್ಳಿ. ವೈಫೈ, ಬ್ಯಾಟರಿ, ಗ್ರಾಫಿಕ್ಸ್ ಇವುಗಳ ಡ್ರೈವರುಗಳು, ಅಂದರೆ ಆ ಭಾಗಗಳನ್ನು ನಡೆಸುವ ಪುಟ್ಟ ತಂತ್ರಾಂಶಗಳು, ಆಗಾಗ ಪ್ರೊಸೆಸರನ್ನು ತಡೆದು "ಮೊದಲು ನನ್ನ ಕೆಲಸ" ಎನ್ನುತ್ತವೆ. ಕ್ಷಣದಲ್ಲಿ ಮುಗಿಸಿ ದಾರಿ ಬಿಟ್ಟರೆ ತೊಂದರೆಯಿಲ್ಲ. ಯಾವುದಾದರೂ ಒಂದು ಹೆಚ್ಚು ಹೊತ್ತು ಹಿಡಿದುಕೊಂಡರೆ ಸಿಪಿಯು ಶೇ 5ರಲ್ಲಿ ಇದ್ದಾಗಲೂ ದನಿ ಚಟ್ ಎನ್ನುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಇದು ಕಾಣಿಸುವುದಿಲ್ಲ, ಅದಕ್ಕೇ ಬಹಳ ಜನ ಸ್ಪೀಕರ್ ಬದಲಿಸಿ ಸುಸ್ತಾಗುತ್ತಾರೆ.

ವರದಿಯಲ್ಲಿ ಎನ್‌ಡಿಐಎಸ್ ಎಂಬ ಹೆಸರು ಮೇಲಿದ್ದರೆ ನೆಟ್‌ವರ್ಕ್ ಕಡೆಯದು. ಎಸಿಪಿಐ ಇದ್ದರೆ ಬಹಳ ಸಲ ಬ್ಯಾಟರಿಯ ಲೆಕ್ಕ ಕೇಳುವ ಭಾಗದ್ದು.

ಮಾತೇ ಬೆಳಕು · ಭಾನುವಾರ, ರಾತ್ರಿ 8:50

ಎನ್‌ಡಿಐಎಸ್ ಹೆಸರೇ ಮೇಲಿತ್ತು. ನೀವು ಹೇಳುವ ಮೊದಲೇ ಏರೋಪ್ಲೇನ್ ಮೋಡ್ ಹಾಕಿ ನೋಡಿದೆ: ಅರ್ಧ ಗಂಟೆ ಒಂದೇ ಒಂದು ಚಟ್ ಇಲ್ಲ. ವೈಫೈ ಹಚ್ಚಿದ ಎರಡನೇ ನಿಮಿಷಕ್ಕೆ ಮತ್ತೆ ಬಂತು.

ತಂಬೂರಿ · ಭಾನುವಾರ, ರಾತ್ರಿ 9:05

ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಸಂಖ್ಯೆ ಕೊಟ್ಟು ವೈಫೈ ಡ್ರೈವರ್ ಇಳಿಸಿ ಹಾಕಿ. "ಎಲ್ಲ ಡ್ರೈವರುಗಳನ್ನೂ ನಾನೇ ನವೀಕರಿಸುತ್ತೇನೆ" ಎನ್ನುವ ತಂತ್ರಾಂಶಗಳ ಹತ್ತಿರವೂ ಹೋಗಬೇಡಿ. ಅವುಗಳಿಂದ ಕೆಟ್ಟ ಯಂತ್ರಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಬ್ರೈಲ್ ಬೆರಳು · ಭಾನುವಾರ, ರಾತ್ರಿ 9:40

ಮೊದಲ ಅಕ್ಷರದ ವಿಷಯ ನನ್ನ ಪಾಲಿಗಿರಲಿ, ನಾನೂ ಅನುಭವಿಸಿದ್ದೇನೆ. ವಿದ್ಯುತ್ ಉಳಿಸಲು ಲ್ಯಾಪ್‌ಟಾಪಿನ ಸೌಂಡ್ ಚಿಪ್ ಸದ್ದಿಲ್ಲದ ಹೊತ್ತಿನಲ್ಲಿ ನಿದ್ದೆಗೆ ಜಾರುತ್ತದೆ. ಮಾತು ಶುರುವಾದಾಗ ಎಚ್ಚರಗೊಳ್ಳಲು ಅದಕ್ಕೆ ಕ್ಷಣ ಬೇಕು, ಅಷ್ಟರಲ್ಲಿ "ಧಾ" ಹೋಗಿರುತ್ತದೆ. ಹಾಡು ಕೇಳುವವರಿಗೆ ಇದು ಗಮನಕ್ಕೇ ಬರುವುದಿಲ್ಲ, ಒಂದೊಂದೇ ಪದ ಓದಿಸಿಕೊಳ್ಳುವ ನಮಗೆ ಮಾತ್ರ ಬರುತ್ತದೆ. "ಅಳಿಸಬೇಡ" ಎಂಬಲ್ಲಿ ಅಕ್ಷರ ಹೋದರೆ ಏನಾಗಬಹುದು ಯೋಚಿಸಿ.

ಎನ್‌ವಿಡಿಎ ಸೆಟ್ಟಿಂಗ್ಸ್‌ನ ಆಡಿಯೊ ವಿಭಾಗಕ್ಕೆ ಹೋಗಿ. ಮಾತು ನಿಂತ ಮೇಲೂ ಆಡಿಯೊ ಸಾಧನವನ್ನು ಎಷ್ಟು ಸೆಕೆಂಡ್ ಎಚ್ಚರವಾಗಿಡಬೇಕು ಎಂದು ಕೇಳುವ ಒಂದು ಪೆಟ್ಟಿಗೆ ಇದೆ. ಅದರಲ್ಲಿನ ಅಂಕಿಯನ್ನು ಹೆಚ್ಚಿಸಿ. ನಿಮ್ಮ ಎನ್‌ವಿಡಿಎ ಬಹಳ ಹಳೆಯದಾಗಿದ್ದರೆ ಆ ಪೆಟ್ಟಿಗೆ ಇರುವುದಿಲ್ಲ, ಮೊದಲು ಹೊಸ ಆವೃತ್ತಿ ಹಾಕಿಕೊಳ್ಳಿ.

ಮಾತೇ ಬೆಳಕು · ಮಂಗಳವಾರ, ರಾತ್ರಿ 9:15

ಪೋರ್ಟಬಲ್ ಪ್ರತಿ ನಾಲ್ಕು ವರ್ಷ ಹಳೆಯ ಆವೃತ್ತಿಯದಾಗಿತ್ತು. ಹೊಸದು ಹಾಕಿ ಅಂಕಿ ಹೆಚ್ಚಿಸಿದೆ. "ಧಾರವಾಡ" ಈಗ ಧಾರವಾಡವೇ ಆಗಿದೆ. ವೈಫೈ ಡ್ರೈವರ್ ಹಾಕಿ ಎರಡು ದಿನವಾಯಿತು, ಸಾಸಿವೆ ಸಿಡಿದಿಲ್ಲ. ಎಂಟನೆಯ ತರಗತಿಯ ಪತ್ರಿಕೆ ಇಂದು ಮುಗಿಯಿತು, ಒಂಬತ್ತನೆಯದು ನಾಳೆ.

ಓದಲಾಗದ ಆ ಮೂರು ಫೈಲುಗಳಲ್ಲಿ ಒಂದು ನನ್ನ ಮೊದಲ ವರ್ಷದ ಪಾಠಯೋಜನೆ. ಹಳೆಯ ಡಿಸ್ಕ್ ನನ್ನ ಬಳಿಯೇ ಇದೆ. ಅದರಿಂದ ತೆಗೆಯಲು ಸಾಧ್ಯವೇ?

ಬೆಸುಗೆ ಕಡ್ಡಿ · ಮಂಗಳವಾರ, ರಾತ್ರಿ 9:50

ಪ್ರಯತ್ನಿಸಬಹುದು. ಡಿಡಿರೆಸ್ಕ್ಯೂ ಎಂಬ ಲಿನಕ್ಸ್ ತಂತ್ರಾಂಶ ಇದೆ. ಸುಲಭವಾಗಿ ಓದಬಲ್ಲ ಜಾಗಗಳನ್ನು ಮೊದಲು ನಕಲಿಸಿಕೊಂಡು, ಕಷ್ಟದವುಗಳಿಗೆ ಆಮೇಲೆ ತಾಳ್ಮೆಯಿಂದ ಮರಳುತ್ತದೆ. ಅಲ್ಲಿಯವರೆಗೆ ಆ ಡಿಸ್ಕನ್ನು ಯಾವ ಯಂತ್ರಕ್ಕೂ ಸಿಕ್ಕಿಸಬೇಡಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿ ಇಡಿ. ಪರೀಕ್ಷೆ ಮುಗಿದ ಮೇಲೆ ನನಗೆ ಕಳುಹಿಸಿ, ಕೂಲಿ ಬೇಡ. ಸಿಗುತ್ತದೆ ಎಂದು ಮಾತು ಕೊಡಲಾರೆ.

ಓದುತ್ತಿರುವವ · ಮಂಗಳವಾರ, ರಾತ್ರಿ 10:30

ಇದನ್ನೆಲ್ಲ ಓದಿ ನನ್ನ ಡಿಸ್ಕನ್ನೂ ನೋಡಿದೆ. 05, ಸಿ5, ಸಿ6 ಮೂರೂ ಸೊನ್ನೆ. ಆದರೆ ಸಿ7ರಲ್ಲಿ ಸಂಖ್ಯೆ ಇದೆ, ನಿನ್ನೆಯಿಂದ ಇಂದಿಗೆ ಹೆಚ್ಚಿದೆ. ನಾನು ಡಿಫ್ರಾಗ್ ಮಾಡಿ ಕೆಡಿಸಿದೆನೇ?

ಬೆಸುಗೆ ಕಡ್ಡಿ · ಮಂಗಳವಾರ, ರಾತ್ರಿ 10:45

ಇಲ್ಲ ತಮ್ಮಾ. ಸಿ7 ಏರುವುದು ಡಿಸ್ಕ್ ಮತ್ತು ಬೋರ್ಡಿನ ನಡುವಿನ ಸಂಪರ್ಕದಲ್ಲಿ ದತ್ತಾಂಶ ಕೆಟ್ಟಾಗ. ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಬ್ಯಾಟರಿಯ ಸಂಪರ್ಕ ತೆಗೆದು, ಡಿಸ್ಕಿನ ಕನೆಕ್ಟರನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ. ಅಭ್ಯಾಸವಿಲ್ಲದಿದ್ದರೆ ಬಲ್ಲವರ ಕೈಯಲ್ಲಿ ಮಾಡಿಸಿ. ಹಳೆಯ ಸಂಖ್ಯೆ ಸೊನ್ನೆಗೆ ಮರಳುವುದಿಲ್ಲ. ಒಂದು ವಾರದ ಬಳಿಕ ಅದು ಅಲ್ಲಿಯೇ ನಿಂತಿದೆಯೇ ನೋಡಿ. ಏರುತ್ತಲೇ ಇದ್ದರೆ ಕೇಬಲ್ ಬದಲಿಸಬೇಕು. ಅದಕ್ಕೂ ಮೊದಲು ಬ್ಯಾಕಪ್.